ಚಿವುಟಿ, ಬಾಗಿಸಿ, ಕಟ್ಟಿದ ಮೇಲೆ ಗಿಡ ಸೊರಗಿತೆ? ಮಾಳಿಗೆಯ ಟೊಮೆಟೊ, ಮೆಣಸಿನ ಗಿಡಗಳಿಗೆ ದೋಷ ನಿವಾರಣೆ ಕೈಪಿಡಿ

“ವೈನಿ, ನಿನ್ನೆ ಸಂಜಿಮುಂದ ಕುಡಿ ಚಿವುಟಿದ್ದೆರಿ. ಇವತ್ತ ನೋಡಿದ್ರ ಗಿಡಾ ಪೂರ್ತಿ ಜೋತು ಬಿದ್ದದ. ಸತ್ತ ಹೋತೇನ್ರಿ?”

ಧಾರವಾಡದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಹೀಗೆ ಕೇಳಿಕೊಂಡು ಬಂದಾಗ ಅವಳ ಮುಖವೂ ಗಿಡದ ಹಾಗೆಯೇ ಬಾಡಿತ್ತು. ಇಬ್ಬರೂ ಅವರ ಮಾಳಿಗೆ ಹತ್ತಿದೆವು. ಟೊಮೆಟೊ ಗಿಡದ ತುದಿ ಚೊಕ್ಕವಾಗಿ ಚಿವುಟಿತ್ತು, ಅಲ್ಲಿ ಯಾವ ತಪ್ಪೂ ಇರಲಿಲ್ಲ. ಕುಂಡದ ಕೆಳಗಿನ ತಟ್ಟೆಯಲ್ಲಿ ಮಾತ್ರ ನೀರು ನಿಂತಿತ್ತು. ಗಿಡಕ್ಕೆ ನೋವಾಗಿರಬೇಕೆಂದು ರಾತ್ರಿ ಒಂದು ತಂಬಿಗೆ, ಬೆಳಿಗ್ಗೆ ಎದ್ದು ಇನ್ನೊಂದು ತಂಬಿಗೆ ನೀರು ಹಾಕಿದ್ದಳು. ಎಲೆ ಜೋತು ಬೀಳಲು ಕಾರಣ ಆ ನೀರು. ತಟ್ಟೆ ತೆಗೆದು, ಕುಂಡವನ್ನು ಎರಡು ಇಟ್ಟಿಗೆಗಳ ಮೇಲೆ ಎತ್ತಿಟ್ಟೆವು. ಮೂರನೆಯ ದಿನ ಗಿಡ ತಲೆ ಎತ್ತಿತು.

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆ ಮೊದಲ ಸಲ ಮಾಳಿಗೆಯ ಮೇಲೆ ಗಿಡ ಬೆಳೆಸುವವರಲ್ಲಿ ನಾನು ಹೆಚ್ಚಾಗಿ ಕಂಡದ್ದು ಇದನ್ನೇ. ಕವಲು ಹೆಚ್ಚಲೆಂದು ಕುಡಿ ಚಿವುಟುವುದು, ಟೊಂಗೆ ಬಾಗಿಸುವುದು, ಕೋಲಿಗೆ ಕಟ್ಟುವುದು ಗಿಡಕ್ಕೆ ಅಷ್ಟು ಕೇಡು ಮಾಡುವುದಿಲ್ಲ. ಅದಾದ ಮೇಲೆ ಗಾಬರಿಯಲ್ಲಿ ಸುರಿದ ನೀರು, ಗೊಬ್ಬರ, ಔಷಧಿ ಕೇಡು ಮಾಡುತ್ತವೆ. ಅದಕ್ಕೇ ಈ ಕೈಪಿಡಿಯಲ್ಲಿ ಪ್ರತಿ ಲಕ್ಷಣಕ್ಕೂ ಮೊದಲು ಖರ್ಚಿಲ್ಲದ ಪರೀಕ್ಷೆ, ಆಮೇಲೆ ಕೈ ಹಾಕುವ ಕೆಲಸ ಎಂಬ ಕ್ರಮ ಇಟ್ಟಿದ್ದೇನೆ.

ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ಟಾಪಿಂಗ್ (ಕುಡಿ ಚಿವುಟುವುದು), ಎಲ್‌ಎಸ್‌ಟಿ (ಟೊಂಗೆಯನ್ನು ಮೆಲ್ಲಗೆ ಬಾಗಿಸಿ ಕಟ್ಟುವುದು) ಎಂಬ ಹೆಸರಿನಲ್ಲಿ ಈಗ ಮೊಬೈಲಿನಲ್ಲಿ ಸಿಗುವ ಅನೇಕ ವಿಡಿಯೋಗಳು ಹೊರದೇಶಗಳಲ್ಲಿ ಮನೆಯೊಳಗೆ ಗಾಂಜಾ ಬೆಳೆಯುವವರು ಮಾಡಿದಂಥವು. ನಮ್ಮಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯ (ಮಾದಕ ವಸ್ತುಗಳ ಕಾಯ್ದೆ) ಪ್ರಕಾರ ಗಾಂಜಾ ಗಿಡ ಬೆಳೆಯುವುದು ಅಪರಾಧ. ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ ಇದೆ. ಕುಂಡದಲ್ಲಿ ಒಂದೇ ಗಿಡ ಎಂಬ ರಿಯಾಯಿತಿ ಇಲ್ಲ. ಇನ್ನೊಂದು ತೊಂದರೆಯೂ ಇದೆ. ಆ ಗಿಡಕ್ಕೆ ಹೇಳಿದ್ದನ್ನು ನೋಡಿ ಟೊಮೆಟೊದ ಎಲೆಗಳನ್ನೆಲ್ಲ ತರಿದು ಹಾಕಿದವರನ್ನು ನಾನು ಕಂಡಿದ್ದೇನೆ. ಅಲ್ಲಿ ಬೇಕಾದದ್ದು ಹೂವು, ಇಲ್ಲಿ ಬೇಕಾದದ್ದು ಕಾಯಿ. ಮೇಲಾಗಿ ನಮ್ಮ ಮಾಳಿಗೆಯ ಬಿಸಿಲೇ ಬೇರೆ. ಇಲ್ಲಿರುವುದೆಲ್ಲ ಟೊಮೆಟೊ ಮತ್ತು ಮೆಣಸಿನ ಗಿಡದ ಮಾತು.

ಏನನ್ನೂ ಮುಟ್ಟುವ ಮೊದಲು

ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿನೊಳಗೆ ಇಳಿಸಿ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರಬಹುದು, ಮೇಲೆ ಹಸಿ ಕಂಡರೂ ಒಳಗೆ ಪುಡಿ ಪುಡಿ ಇರಬಹುದು. ಆಮೇಲೆ ಒಂದೆರಡು ಎಲೆಗಳನ್ನು ಮಗುಚಿ ಬೆನ್ನು ನೋಡಿ. ಕೊನೆಗೆ ಎಂದು ಚಿವುಟಿದಿರಿ, ಎಂದು ಕಟ್ಟಿದಿರಿ, ಎಂದು ಗೊಬ್ಬರ ಹಾಕಿದಿರಿ ಎಂದು ನೆನಪು ಮಾಡಿಕೊಳ್ಳಿ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ಇದನ್ನೂ ಬರೆದಿಟ್ಟರೆ ಸಾಕು, ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ನಿಮ್ಮ ಟೊಮೆಟೊ ಯಾವ ಜಾತಿಯದು ಎಂಬುದೂ ತಿಳಿದಿರಲಿ. ಕೆಲವು ತಳಿಗಳು ಸೊಂಟದೆತ್ತರಕ್ಕೆ ಬಂದು ನಿಲ್ಲುತ್ತವೆ, ತುದಿಯಲ್ಲೇ ಹೂಗೊಂಚಲು ಬಿಡುತ್ತವೆ. ಇವನ್ನು ಪೊದೆ ಟೊಮೆಟೊ ಎನ್ನೋಣ. ಇನ್ನು ಕೆಲವು ಬಳ್ಳಿಯಂತೆ ಏರುತ್ತಲೇ ಹೋಗುತ್ತವೆ. ಬಗಲಿನ ಚಿಗುರು ತೆಗೆಯುವುದು, ಒಂದೋ ಎರಡೋ ಕಾಂಡ ಉಳಿಸುವುದು ಏರುವ ಜಾತಿಗೆ ಸರಿ. ಪೊದೆ ಜಾತಿಗೆ ಅದನ್ನೇ ಮಾಡಿದರೆ ನಿಮ್ಮ ಕಾಯಿಯನ್ನು ನೀವೇ ಕಿತ್ತು ಹಾಕಿದಂತೆ. ಅದಕ್ಕೆ ಕೋಲು ಕೊಟ್ಟು, ನೆಲಕ್ಕೆ ತಾಗುವ ಕೆಳಗಿನ ಎಲೆ ತೆಗೆದರೆ ಸಾಕು.

ಚಿವುಟಿದ ಮರುದಿನ ಗಿಡ ಜೋತು ಬಿದ್ದಿದೆ

ಯಾವ ಹೊತ್ತಿಗೆ ನೋಡಿದಿರಿ? ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಕಾದ ಸಿಮೆಂಟಿನ ಮೇಲೆ ಆರೋಗ್ಯವಾದ ಗಿಡವೂ ಎಲೆ ಇಳಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಒಮ್ಮೆ, ಬೆಳಿಗ್ಗೆ ಬಿಸಿಲೇರುವ ಮೊದಲು ಒಮ್ಮೆ ನೋಡಿ. ಅಷ್ಟರಲ್ಲಿ ಎಲೆ ನೆಟ್ಟಗಾಗಿದ್ದರೆ ಏನೂ ಆಗಿಲ್ಲ.

ಬೆಳಿಗ್ಗೆಯೂ ಜೋತೇ ಇದ್ದರೆ ಬೆರಳಿನ ಪರೀಕ್ಷೆ. ಒಳಗೆ ಒಣಗಿದೆಯೇ? ತಳದ ತೂತಿನಿಂದ ಹನಿಯುವ ತನಕ ನಿಧಾನವಾಗಿ ನೀರು ಕೊಡಿ, ಒಂದೆರಡು ತಾಸಿನಲ್ಲಿ ಗಿಡ ಏಳುತ್ತದೆ. ಒಳಗೆ ಹಸಿಯಿದ್ದೂ ಗಿಡ ಬಾಡಿದ್ದರೆ ನೀರು ನಿಲ್ಲಿಸಿ. ಬೇರಿಗೆ ಗಾಳಿ ಸಿಗುತ್ತಿಲ್ಲ ಎಂದು ಅರ್ಥ. ನಮ್ಮ ಕಡೆ ಇದಕ್ಕೆ ದೊಡ್ಡ ಕಾರಣ ಕಪ್ಪು ಎರೆಮಣ್ಣು. ನವಲಗುಂದ, ಅಣ್ಣಿಗೇರಿ, ಗದಗಿನ ಎರೆಹೊಲದಲ್ಲಿ ಬಂಗಾರದಂಥ ಬೆಳೆ ಕೊಡುವ ಮಣ್ಣು ಕುಂಡದೊಳಗೆ ಬಂದರೆ ಹಸಿಯಾದಾಗ ಅಂಟು, ಒಣಗಿದಾಗ ಕಲ್ಲು. ಒಣಗಿದಾಗ ಅಂಚಿನಲ್ಲಿ ಬಿರುಕು ಬಿಟ್ಟು, ಹಾಕಿದ ನೀರು ಆ ಬಿರುಕಿನಿಂದಲೇ ಇಳಿದು ಹೋಗುತ್ತದೆ, ಬೇರಿನ ಗಡ್ಡೆ ಒಣಗಿಯೇ ಇರುತ್ತದೆ. ಕುಂಡಕ್ಕೆ ಮಸಾರಿ (ಕೆಂಪು) ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ, ತೆಂಗಿನ ನಾರಿನ ಪುಡಿ ಸಮಸಮ ಬೆರೆಸಿದರೆ ಈ ತೊಂದರೆ ಬಹುಪಾಲು ಬರುವುದಿಲ್ಲ.

ಇದೆಲ್ಲ ಸರಿಯಿದ್ದೂ ಎಲೆ ಹಸಿರಾಗಿರುವಾಗಲೇ ಇಡೀ ಗಿಡ ಎರಡು ಮೂರು ದಿನದಲ್ಲಿ ಕುಸಿದರೆ ದುಂಡಾಣು ಸೊರಗು ರೋಗದ ಅನುಮಾನ ಬರಬೇಕು. ಮನೆಯಲ್ಲೇ ನೋಡುವ ಒಂದು ಪರೀಕ್ಷೆಯಿದೆ. ಗಿಡ ಉಳಿಯುವ ಆಸೆ ಇಲ್ಲವೆನಿಸಿದಾಗ, ಬುಡದ ಹತ್ತಿರ ಬೆರಳುದ್ದದ ಕಾಂಡದ ತುಂಡು ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿನೀರು ತೆಗೆದುಕೊಂಡು, ಆ ತುಂಡಿನ ಕೆಳಗಿನ ತುದಿ ಮಾತ್ರ ಮುಳುಗುವಂತೆ ಹಿಡಿಯಿರಿ. ಅಲುಗಾಡಿಸಬೇಡಿ. ಲೋಟದ ಹಿಂದೆ ಕಪ್ಪು ಬಟ್ಟೆ ಇಟ್ಟರೆ ಚೆನ್ನಾಗಿ ಕಾಣುತ್ತದೆ. ಐದು ನಿಮಿಷದೊಳಗೆ ಕತ್ತರಿಸಿದ ಬಾಯಿಯಿಂದ ಊದುಬತ್ತಿಯ ಹೊಗೆ ತಲೆಕೆಳಗಾದಂತೆ ಬಿಳಿ ಎಳೆ ನೀರಿನೊಳಗೆ ಇಳಿದರೆ ಅದು ದುಂಡಾಣುವಿನ ಲೋಳೆ. ಇದಕ್ಕೆ ಮನೆಮದ್ದೂ ಇಲ್ಲ, ಅಂಗಡಿಯ ಮದ್ದೂ ಇಲ್ಲ. ಗಿಡವನ್ನು ಬೇರುಸಮೇತ ತೆಗೆದು ಚೀಲದಲ್ಲಿ ಕಟ್ಟಿ ಹೊರಹಾಕಿ. ಆ ಮಣ್ಣಿಗೆ ಮತ್ತೆ ಟೊಮೆಟೊ, ಮೆಣಸು, ಬದನೆ, ಆಲೂಗಡ್ಡೆ ಹಚ್ಚಬೇಡಿ. ಕತ್ತರಿ, ಕುಂಡ ಎರಡನ್ನೂ ಸಾಬೂನಿನಿಂದ ತಿಕ್ಕಿ ತೊಳೆದು ಬಿಸಿಲಿಗೆ ಇಡಿ. ಮುಂದಿನ ಸಲ ರೋಗ ತಡೆಯುವ ತಳಿ ನೋಡಿ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಗೆ ಈ ಸೊರಗು ರೋಗವನ್ನೂ ಎಲೆ ಮುಟುರು ನಂಜುರೋಗವನ್ನೂ ತಡೆಯುವ ಗುಣವಿದೆ.

ನೀರಿನಲ್ಲಿ ಎಳೆ ಬರದೆ, ಬುಡದಲ್ಲಿ ಬಿಳಿ ನೂಲಿನಂಥ ಬೂಸು, ಅದರ ಮೇಲೆ ಸಾಸಿವೆಯಂಥ ಕಂದು ಕಾಳು ಕಂಡರೆ ಅದು ಬುಡ ಕೊಳೆಸುವ ಶಿಲೀಂಧ್ರ. ಆ ಗಿಡವೂ ಹೋದಂತೆಯೇ. ಪಕ್ಕದ ಕುಂಡಗಳನ್ನು ದೂರ ಸರಿಸಿ.

ಹತ್ತು ದಿನವಾದರೂ ಕವಲು ಬಂದಿಲ್ಲ

ಗಿಡದ ತುದಿಯ ಕುಡಿಯಲ್ಲಿ ಹುಟ್ಟುವ ಒಂದು ರಸ ಕೆಳಗಿನ ಮೊಗ್ಗುಗಳನ್ನು ಮಲಗಿಸಿಟ್ಟಿರುತ್ತದೆ. ಕುಡಿ ಹೋದ ಮೇಲೆ ಆ ತಡೆ ಸಡಿಲವಾಗಿ ಎಲೆಯ ಬಗಲಿನ ಮೊಗ್ಗುಗಳು ಏಳುತ್ತವೆ. ಇದಕ್ಕೆ ವಾರ, ಹತ್ತು ದಿನ ಬೇಕು. ಆ ವಾರ ಗಿಡ ನಿಂತಲ್ಲೇ ನಿಂತಂತೆ ಕಾಣುತ್ತದೆ. ಬರಿಗಣ್ಣಿಗೆ ಕಾಣದಿದ್ದರೆ ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಮೂಲೆಯನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿ. ಎಳ್ಳುಕಾಳಿನಷ್ಟು ಹಸಿರು ಮೊಳಕೆ ಇದ್ದರೆ ಕೆಲಸ ನಡೆದಿದೆ.

ಎರಡು ವಾರ ದಾಟಿದರೂ ಆ ಮೊಳಕೆ ಇಲ್ಲವೆ? ಬಿಸಿಲಿನ ಲೆಕ್ಕ ಹಾಕಿ. ದಿನಕ್ಕೆ ಐದಾರು ತಾಸು ನೇರ ಬಿಸಿಲು ಬೀಳದ ಬಾಲ್ಕನಿಯಲ್ಲಿ ಕವಲು ಬಡಕಲಾಗಿ, ಇಲ್ಲವೆ ಬಾರದೇ ಇರುತ್ತದೆ. ಕುಂಡ ಸರಿಸುವುದಕ್ಕೆ ದುಡ್ಡು ಬೇಕಿಲ್ಲ, ಮೊದಲು ಅದನ್ನೇ ಮಾಡಿ. ಎರಡನೆಯದು, ಬಹಳ ಎಳೆಯದರಲ್ಲೇ ಚಿವುಟಿರಬಹುದು. ಮೆಣಸಿನ ಸಸಿ ಗೇಣುದ್ದ ಬೆಳೆದು ಆರೆಂಟು ನಿಜ ಎಲೆ ಬಿಟ್ಟ ಮೇಲೆ ಚಿವುಟಬೇಕು. ನಾಲ್ಕು ಎಲೆಯ ಸಸಿಯಲ್ಲಿ ಎರಡನ್ನು ತೆಗೆದರೆ ಅದು ಊಟ ಮಾಡುವ ಕೈಯನ್ನೇ ಕಡಿದಂತೆ. ಚಳಿಗಾಲದಲ್ಲಿ, ಅದರಲ್ಲೂ ಧಾರವಾಡದ ಡಿಸೆಂಬರ್ ಬೆಳಗುಗಳಲ್ಲಿ, ಮೆಣಸು ತಡಮಾಡಿಯೇ ಏಳುತ್ತದೆ. ಬೇಗ ಏಳಲೆಂದು ಯೂರಿಯಾ ಹಾಕಬೇಡಿ. ಕುಂಡದಂಥ ಚಿಕ್ಕ ಜಾಗದಲ್ಲಿ ಒಂದು ಚಮಚ ಹೆಚ್ಚಾದರೂ ಬೇರು ಸುಡುತ್ತದೆ.

ಬ್ಯಾಡಗಿ ಮೆಣಸು ಹಚ್ಚಿದವರಿಗೆ ಒಂದು ಮಾತು. ಮೆಣಸಿನ ಗಿಡ ತಾನಾಗಿಯೇ ಒಂದು ಎತ್ತರದಲ್ಲಿ ಕವೆಯಂತೆ ಎರಡಾಗಿ ಒಡೆಯುತ್ತದೆ, ಆ ಕವೆಯಲ್ಲೇ ಮೊದಲ ಹೂ. ಅಲ್ಲಿಗೆ ಬಂದ ಗಿಡವನ್ನು ಮತ್ತೆ ಚಿವುಟುವ ಅಗತ್ಯವಿಲ್ಲ. ಗಿಡ ಇನ್ನೂ ಕುಳ್ಳಗಿದ್ದರೆ ಆ ಮೊದಲ ಹೂವೊಂದನ್ನು ತೆಗೆಯಿರಿ, ಅಷ್ಟೇ.

ಬಾಗಿಸುವಾಗ ಕಾಂಡ ಸೀಳಿತು

ಇದು ನನ್ನದೇ ಅನುಭವ. ಬೆಳಿಗ್ಗೆ ಏಳಕ್ಕೆ ನೀರು ಹಾಕಿ, ಕೂಡಲೇ ಟೊಮೆಟೊದ ಟೊಂಗೆಯನ್ನು ಕಟಕಟೆಯ ಕಡೆ ಎಳೆದೆ. ಎಳೆ ಸೌತೆಕಾಯಿ ಮುರಿದ ಸದ್ದಾಯಿತು. ನೀರು ಕುಡಿದ ಕಾಂಡ ಬಿರುಸಾಗಿರುತ್ತದೆ, ಬಾಗುವುದಿಲ್ಲ. ಬಾಗಿಸುವ ದಿನ ಬೆಳಿಗ್ಗೆ ನೀರು ಹಾಕದೆ, ಇಳಿಹೊತ್ತು ನಾಲ್ಕರ ಸುಮಾರಿಗೆ ಕಾಂಡ ತುಸು ಮೆತ್ತಗಾದಾಗ ಕೆಲಸ ಮಾಡಬೇಕು. ಒಂದೇ ದಿನ ಅಡ್ಡ ಮಲಗಿಸುವ ಆತುರ ಬೇಡ. ದಿನಕ್ಕೆ ಎರಡು ಬೆರಳಿನಷ್ಟು ಎಳೆದರೂ ವಾರದಲ್ಲಿ ಬೇಕಾದ ಕಡೆ ಬರುತ್ತದೆ.

ಸೀಳಿದ್ದು ಆಗಿಹೋಯಿತು, ಈಗೇನು? ಟೊಂಗೆಯನ್ನು ಕೀಳಬೇಡಿ. ತೊಗಟೆಯ ಒಂದು ಪಟ್ಟಿ ಹಿಡಿದುಕೊಂಡಿದ್ದರೂ ಸಾಕು. ಎರಡೂ ಬಾಯಿಗಳನ್ನು ಮೊದಲಿನಂತೆ ಕೂಡಿಸಿ, ಐಸ್‌ಕ್ರೀಮ್ ಕಡ್ಡಿಯೊಂದನ್ನು ದಬ್ಬೆಯಂತೆ ಕೊಟ್ಟು, ಎಲೆಕ್ಟ್ರಿಕ್ ಟೇಪಿನಿಂದ ಸುತ್ತಿ. ಮೇಲಿನ ಭಾರ ಹೊರಲು ಕೋಲೊಂದು ಬೇಕೇ ಬೇಕು. ಎರಡು ದಿನ ನೆರಳು ಕೊಡಿ. ನನ್ನ ಟೊಂಗೆ ಮೊದಲ ಎರಡು ದಿನ ಬಾಡಿ, ನಾಲ್ಕನೆಯ ದಿನ ನೆಟ್ಟಗಾಯಿತು. ಮೂರು ವಾರದ ಮೇಲೆ ಟೇಪು ಬಿಚ್ಚಿದಾಗ ಅಲ್ಲಿ ಮೊಣಕಾಲ ಚಿಪ್ಪಿನಂಥ ಗಂಟು ಕಟ್ಟಿತ್ತು, ಸುತ್ತಲಿನ ಕಾಂಡಕ್ಕಿಂತ ಅದೇ ಗಟ್ಟಿ. ಆ ಟೊಂಗೆಯ ಟೊಮೆಟೊಗಳಲ್ಲಿ ಸಾರು ಮಾಡಿದ್ದೇನೆ.

ಐದಾರು ದಿನದ ಮೇಲೂ ತುದಿ ಬಾಡಿಯೇ ಇದ್ದು, ಸೀಳಿದ ಜಾಗ ಕಪ್ಪಾಗಿ ಮೆತ್ತಗಾದರೆ ಕೂಡಿಲ್ಲ ಎಂದರ್ಥ. ಆಗ ಅದರ ಕೆಳಗೆ ಚೊಕ್ಕವಾಗಿ ಕತ್ತರಿಸಿ. ಮಳೆಯ ದಿನ ಕತ್ತರಿಸಬೇಡಿ, ಗಾಯ ಒಣಗಲು ಬಿಸಿಲು ಬೇಕು.

ಕಟ್ಟಿದ ಜಾಗದಲ್ಲಿ ಕಾಂಡ ಕೊರೆದಂತಾಗಿದೆ

ತಂತಿ, ನೈಲಾನ್ ದಾರ, ಪ್ಲಾಸ್ಟಿಕ್ ಸುತಳಿ ಕಟ್ಟಿದ್ದೀರಿ. ಕಾಂಡ ದಪ್ಪಗಾಗುತ್ತಾ ಹೋದಂತೆ ಅದು ಒಳಗಿಳಿಯುತ್ತದೆ, ಮೇಲಿನ ಭಾಗ ಉಬ್ಬಿ ಎಲೆ ಹಳದಿಯಾಗುತ್ತದೆ. ಕತ್ತರಿಯಿಂದ ಕಟ್ಟನ್ನು ಕತ್ತರಿಸಿ, ಎಳೆಯಬೇಡಿ. ಒಳಗೆ ಹೂತುಹೋಗಿದ್ದರೆ ಹೂತ ತುಂಡನ್ನು ಅಲ್ಲೇ ಬಿಡಿ. ಹಳೆಯ ಹತ್ತಿ ಸೀರೆಯ ಅಂಚು ಹರಿದ ಪಟ್ಟಿ, ಸೆಣಬಿನ ಹುರಿ, ಹೂಮಾಲೆಗೆ ಬಳಸುವ ಬಾಳೆನಾರು ಒಳ್ಳೆಯದು. ಕೋಲಿಗೆ ಬಿಗಿಯಾಗಿ, ಗಿಡಕ್ಕೆ ಸಡಿಲವಾಗಿ, ನಡುವೆ ಒಮ್ಮೆ ತಿರುವಿ ಎಂಟರ ಆಕಾರದಲ್ಲಿ ಕಟ್ಟಿ. ಗಿಡದ ಸುತ್ತಿನ ಕುಣಿಕೆಯಲ್ಲಿ ಕಿರುಬೆರಳು ಆಡಬೇಕು.

ಎಲೆ ಮುದುಡುತ್ತಿದೆ

ಈ ಲಕ್ಷಣಕ್ಕೆ ಜನ ಎಲ್ಲಕ್ಕಿಂತ ಹೆಚ್ಚು ದುಡ್ಡು ಕಳೆಯುತ್ತಾರೆ. ಮುದುಡಿದ ಎಲೆ ಕಂಡ ಕೂಡಲೇ ಅಂಗಡಿಗೆ ಹೋಗಿ “ಮುಟುರಿಗೆ ಏನರ ಕೊಡ್ರಿ” ಎಂದರೆ ಅವರು ಏನಾದರೂ ಕೊಡುತ್ತಾರೆ. ಎಲೆ ಯಾವ ಕಡೆ ಮುದುಡಿದೆ, ಗಿಡದ ಯಾವ ಭಾಗದಲ್ಲಿ ಮುದುಡಿದೆ ಎಂದು ಮೊದಲು ನೋಡಿ.

ಟೊಮೆಟೊದಲ್ಲಿ ಕೆಳಗಿನ ಹಳೆಯ ಎಲೆಗಳು ಮೇಲ್ಮುಖವಾಗಿ ದೊನ್ನೆಯಂತೆ ಸುರುಳಿಯಾಗಿ, ಮುಟ್ಟಿದರೆ ತೊಗಲಿನಂತೆ ಬಿರುಸಾಗಿ, ಬಣ್ಣ ಮಾತ್ರ ಹಸಿರಾಗಿಯೇ ಇದ್ದರೆ ರೋಗವಲ್ಲ. ಒಮ್ಮೆಗೇ ಹೆಚ್ಚು ಬಗಲಚಿಗುರು ತೆಗೆದಾಗ, ಬಿಸಿಲು ಜೋರಾದಾಗ, ನೀರು ಏರುಪೇರಾದಾಗ ಗಿಡ ಹೀಗೆ ಎಲೆ ಮಡಚುತ್ತದೆ. ನೀರಿನ ಹೊತ್ತು ಸರಿಮಾಡಿ, ಹತ್ತು ದಿನ ಕತ್ತರಿ ಮುಟ್ಟಬೇಡಿ. ಮಡಚಿದ ಎಲೆ ಬಿಚ್ಚದಿರಬಹುದು, ಹೊಸ ಎಲೆ ಸರಿಯಾಗಿ ಬಂದರೆ ಸಾಕು.

ಅದೇ ತುದಿಯ ಹೊಸ ಎಲೆಗಳು ಚಿಕ್ಕದಾಗಿ, ಅಂಚು ಹಳದಿಯಾಗಿ, ಬಟ್ಟಲಿನಂತೆ ಮೇಲೆ ಮುದುಡಿ, ಗಿಡ ಗಿಡ್ಡಗಾಗಿ ಪೊದೆಯಂತಾದರೆ ಬಿಳಿನೊಣ ಹರಡುವ ಎಲೆ ಮುಟುರು ನಂಜುರೋಗ. ಗಿಡವನ್ನು ಮೆಲ್ಲಗೆ ತಟ್ಟಿ, ಬೂದಿ ಹಾರಿದಂತೆ ಬಿಳಿ ಹುಳುಗಳು ಎದ್ದರೆ ಅನುಮಾನ ಗಟ್ಟಿಯಾಯಿತು. ನಂಜು ಹೊಕ್ಕ ಗಿಡ ವಾಸಿಯಾಗುವುದಿಲ್ಲ. ಕೀಳುವ ಮೊದಲು ಇಡೀ ಗಿಡದ ಮೇಲೆ ದೊಡ್ಡ ಪ್ಲಾಸ್ಟಿಕ್ ಚೀಲ ಮುಚ್ಚಿ, ಬಾಯಿ ಹಿಡಿದುಕೊಂಡು ಕೀಳಿ. ಇಲ್ಲವಾದರೆ ನೊಣಗಳು ಎದ್ದು ಪಕ್ಕದ ಕುಂಡಕ್ಕೆ ಹೋಗುತ್ತವೆ. ಉಳಿದ ಗಿಡಗಳ ಹತ್ತಿರ ಹಳದಿ ಅಂಟುಹಾಳೆ ತೂಗುಹಾಕಿ.

ಮೆಣಸಿನ ಗಿಡದಲ್ಲಿ ಗುರುತು ಇನ್ನೂ ಸುಲಭ. ಎಲೆಯ ಅಂಚು ಮೇಲಕ್ಕೆ ಎದ್ದು ದೋಣಿಯಂತಾದರೆ ಥ್ರಿಪ್ಸ್ ನುಸಿ. ಅಂಚು ಕೆಳಕ್ಕೆ ಬಾಗಿ, ದೋಣಿ ಬೋರಲು ಹಾಕಿದಂತಾಗಿ, ಎಲೆಯ ತೊಟ್ಟು ಉದ್ದವಾದರೆ ಮೈಟ್ ನುಸಿ. ಎರಡೂ ಒಟ್ಟಿಗೆ ಬರುವುದೂ ಉಂಟು. ಖಾತ್ರಿ ಮಾಡಿಕೊಳ್ಳಲು ತುದಿಯ ಎಲೆ, ಹೂಗಳನ್ನು ಬಿಳಿ ಹಾಳೆಯ ಮೇಲೆ ಹಿಡಿದು ಮೂರು ನಾಲ್ಕು ಸಲ ಬೆರಳಿನಿಂದ ತಟ್ಟಿ. ಗೀರಿನಂಥ ಉದ್ದುದ್ದ ಚುಕ್ಕೆಗಳು ಹರಿದಾಡಿದರೆ ಥ್ರಿಪ್ಸ್. ಮೈಟ್ ಬರಿಗಣ್ಣಿಗೆ ಸಿಗುವುದಿಲ್ಲ, ಎಲೆಯ ಬೋರಲು ಆಕಾರವೇ ಅದರ ಗುರುತು. 2021-22ರಲ್ಲಿ ಕರ್ನಾಟಕ, ಆಂಧ್ರ, ತೆಲಂಗಾಣಗಳ ಮೆಣಸಿನ ಹೊಲಗಳನ್ನು ಹಾಳುಮಾಡಿದ ಕಪ್ಪು ಥ್ರಿಪ್ಸ್ ಹೂವಿನೊಳಗೇ ಮನೆ ಮಾಡುತ್ತದೆ. ಆದ್ದರಿಂದ ಹೂ ಬಿಡಿಸಿ ನೋಡುವುದನ್ನು ಮರೆಯಬೇಡಿ.

ಏನು ಮಾಡಬೇಕು? ಮೊದಲು ನೀರು. ಎಲೆಯ ಬೆನ್ನಿಗೆ ತಾಗುವಂತೆ ಎರಡು ದಿನಕ್ಕೊಮ್ಮೆ ಬೆಳಗಿನ ಹೊತ್ತು ಜೋರಾಗಿ ಸಿಂಪಡಿಸಿದರೆ ನುಸಿಯ ಸಂಖ್ಯೆ ಇಳಿಯುತ್ತದೆ. ಆಮೇಲೆ ಬೇವಿನೆಣ್ಣೆ. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಬೆರೆಯಲು ನಾಲ್ಕು ಹನಿ ಸಾಬೂನು ದ್ರಾವಣ. ಹೊತ್ತು ಮುಳುಗಿದ ಮೇಲೆಯೇ ಹೊಡೆಯಿರಿ, ಮೊದಲು ಒಂದೆಲೆಗೆ ಹೊಡೆದು ಒಂದು ದಿನ ಕಾಯಿರಿ. ಮೈಟ್ ಇದ್ದರೆ ನೀರಿನಲ್ಲಿ ಬೆರೆಯುವ ಗಂಧಕದ ಪುಡಿ ಕೆಲಸ ಮಾಡುತ್ತದೆ. ಆದರೆ ಬೇವಿನೆಣ್ಣೆ ಹೊಡೆದು ಎರಡು ವಾರವಾಗುವ ತನಕ ಗಂಧಕ ಹೊಡೆಯಬೇಡಿ, ಸುಡುಬಿಸಿಲಿನಲ್ಲಂತೂ ಬೇಡವೇ ಬೇಡ, ಎಲೆ ಕರಕಲಾಗುತ್ತದೆ. ನುಸಿ ಹತ್ತಿದ ಗಿಡವನ್ನು ಆ ಸಮಯದಲ್ಲಿ ಚಿವುಟಬೇಡಿ. ಹೊಸ ಚಿಗುರು ಎಂದರೆ ನುಸಿಗೆ ಹೊಸ ಊಟ.

ಎಲೆಯ ಮೇಲೆ ಕಡುಹಸಿರು, ತಿಳಿಹಸಿರು ಚಿತ್ತಾರ

ನೀವೋ ಮನೆಯಲ್ಲಿ ಯಾರೋ ತಂಬಾಕು ತಿಕ್ಕುವವರಿದ್ದಾರೆಯೇ, ಬೀಡಿ ಸೇದುವವರಿದ್ದಾರೆಯೇ ಕೇಳಿಕೊಳ್ಳಿ. ತಂಬಾಕಿನ ಮೊಸಾಯಿಕ್ ನಂಜು ಕೈಯಿಂದಲೇ ಟೊಮೆಟೊ, ಮೆಣಸಿಗೆ ದಾಟುತ್ತದೆ. ಚಿವುಟುವಾಗ ಆಗುವ ಗಾಯವೇ ಅದಕ್ಕೆ ಬಾಗಿಲು. ಗಿಡ ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆಯುವುದು ಇಲ್ಲಿ ಅರ್ಧ ಔಷಧಿ. ಚಿತ್ತಾರ ಕಂಡ ಗಿಡವನ್ನು ಚಿವುಟುವ ಸರದಿಯಲ್ಲಿ ಕೊನೆಗೆ ಇಡಿ, ಹೊಸ ಎಲೆಯೂ ಹಾಗೆಯೇ ಬಂದರೆ ತೆಗೆದುಹಾಕಿ.

ಹೂ ಬಿಡುತ್ತದೆ, ಉದುರುತ್ತದೆ

ಏಪ್ರಿಲ್, ಮೇ ತಿಂಗಳಲ್ಲಿ ಈ ಪ್ರಶ್ನೆ ಬಂದರೆ ಉತ್ತರ ಒಂದೇ, ಕಾಯಿರಿ. ಹಗಲಿನ ಬಿಸಿ 35 ಡಿಗ್ರಿ ದಾಟಿ, ರಾತ್ರಿಯೂ ತಂಪಾಗದಿದ್ದರೆ ಟೊಮೆಟೊದ ಪರಾಗ ಕೆಲಸಕ್ಕೆ ಬಾರದು, ಹೂ ಉದುರುತ್ತದೆ. ಹುಬ್ಬಳ್ಳಿ, ಗದಗಿನ ಬೇಸಿಗೆ ಆ ಗೆರೆ ದಾಟುತ್ತದೆ. ಹನ್ನೆರಡರಿಂದ ನಾಲ್ಕರವರೆಗೆ ಹಸಿರು ನೆಟ್ಟಿನ ನೆರಳು ಕೊಟ್ಟು ಗಿಡ ಉಳಿಸಿಕೊಳ್ಳಿ. ರೋಹಿಣಿ, ಮೃಗಶಿರಾ ಮಳೆ ಬಿದ್ದು ತಂಪಾದ ಮೇಲೆ ಕಾಯಿ ಕಟ್ಟುತ್ತದೆ.

ಹವೆ ತಂಪಾಗಿದ್ದೂ ಉದುರಿದರೆ ಗಿಡದ ಮೈ ನೋಡಿ. ಎಲೆ ಕಡುಹಸಿರು, ಕಾಂಡ ದಪ್ಪ, ಹೂ ಮಾತ್ರ ವಿರಳ ಎಂದರೆ ಸಾರಜನಕ ಹೆಚ್ಚಾಗಿದೆ, ತಿಂಗಳು ಗೊಬ್ಬರ ನಿಲ್ಲಿಸಿ. ಗಾಳಿಯಾಡದ ಬಾಲ್ಕನಿಯಾದರೆ ಬೆಳಿಗ್ಗೆ ಒಂಬತ್ತು ಹತ್ತರ ಹೊತ್ತಿಗೆ ಹೂಗೊಂಚಲಿನ ತೊಟ್ಟನ್ನು ಬೆರಳಿನಿಂದ ಮೀಟಿ. ಟೊಮೆಟೊದ ಹೂವಿನಲ್ಲೇ ಗಂಡು ಹೆಣ್ಣು ಎರಡೂ ಇವೆ, ಅಲುಗಿದರೆ ಸಾಕು. ಹೂ ಬಂದ ವಾರದಲ್ಲಿ ಬಾಗಿಸುವುದು, ಎಲೆ ತೆಗೆಯುವುದು ಬೇಡ.

ಕಾಯಿಯ ಮೇಲೆ ಕಲೆ

ಬಿಸಿಲು ಬೀಳುವ ಮಗ್ಗುಲಲ್ಲಿ ಬೆಳ್ಳಗೆ, ಹಾಳೆಯಂತೆ ತೆಳ್ಳಗೆ ಒಣಗಿದ ಕಲೆ ಇದ್ದರೆ ಬಿಸಿಲುಗಾಯ. ಮುಂಚೆ ಹೇಳಿದಂತೆ ವಿಡಿಯೋ ನೋಡಿ ಎಲೆ ತರಿದವರ ಗಿಡದಲ್ಲಿ ಇದು ಮೊದಲು ಕಾಣುತ್ತದೆ. ಎಲೆಯೇ ಕಾಯಿಯ ಕೊಡೆ. ಮೊದಲ ಗೊಂಚಲಿನ ಕೆಳಗಿನ ಎಲೆಗಳನ್ನು ಮಾತ್ರ ತೆಗೆಯಬೇಕು, ಅದೂ ಒಂದು ಸಲಕ್ಕೆ ಎರಡೋ ಮೂರೋ. ಆಗಿಹೋಗಿದ್ದರೆ ಹೊಸ ಎಲೆ ಬರುವ ತನಕ ಹಳೆಯ ತೆಳು ಪಂಚೆಯನ್ನು ಆ ಮಗ್ಗುಲಿಗೆ ಕಟ್ಟಿ.

ಕಾಯಿಯ ತಳ ಕಪ್ಪಾಗಿ ತಗ್ಗಾದರೆ ಹುಳುವೂ ಅಲ್ಲ, ಅಂಟುರೋಗವೂ ಅಲ್ಲ. ಸುಣ್ಣದ ಅಂಶ ಕಾಯಿಯ ತುದಿಗೆ ತಲುಪಿಲ್ಲ. ಮಣ್ಣಿನಲ್ಲಿ ಸುಣ್ಣ ಇದ್ದರೂ ಅದನ್ನು ಹೊತ್ತೊಯ್ಯುವುದು ನೀರು. ನಳದ ನೀರು ದಿನವೂ ಬರದ ನಮ್ಮ ಬಡಾವಣೆಗಳಲ್ಲಿ ನೀರು ಬಂದ ದಿನ ಗಿಡಕ್ಕೆ ಹಬ್ಬ, ಆಮೇಲೆ ಉಪವಾಸ. ಇದೇ ಏರುಪೇರಿಗೆ ಹಣ್ಣು ಸೀಳುವುದೂ ಉಂಟು. ನಳ ಬಂದ ದಿನ ಒಂದು ಕೊಡ ಬೇರೆಯೇ ಎತ್ತಿಟ್ಟು ದಿನಾ ಬೆಳಿಗ್ಗೆ ಅಷ್ಟಷ್ಟೇ ಕೊಡಿ. ಮಣ್ಣಿನ ಮೇಲೆ ಒಣ ಎಲೆ, ಕಬ್ಬಿನ ರವದಿ, ಇಲ್ಲವೆ ಶೇಂಗಾ ಹೊಟ್ಟು ಎರಡು ಬೆರಳು ದಪ್ಪ ಹೊದಿಸಿ. ಮೊಟ್ಟೆಯ ಚಿಪ್ಪು ಕರಗಲು ತಿಂಗಳುಗಟ್ಟಲೆ ಬೇಕು, ಈ ಕಾಯಿಗಳಿಗೆ ಅದು ನೆರವಾಗದು. ಕಪ್ಪಾದ ಕಾಯಿ ಕಿತ್ತುಬಿಡಿ, ಕಪ್ಪು ಭಾಗ ಕೊಯ್ದು ಉಳಿದದ್ದು ಪಲ್ಯಕ್ಕೆ ಆಗುತ್ತದೆ.

ಕೊಳವೆಬಾವಿಯ ಸವಳು ನೀರು ಹಾಕುವವರು ಎಲೆಯಂಚು ಸುಟ್ಟಂತೆ ಕಂಡರೆ ಕುಂಡದ ಅಂಚು ನೋಡಿ. ಬಿಳಿ ಉಪ್ಪು ಕಟ್ಟಿದ್ದರೆ ಮಳೆನೀರು, ಇಲ್ಲವೆ ನಳದ ನೀರನ್ನು ತಳದಿಂದ ಧಾರಾಳ ಹರಿಯುವಂತೆ ಹಾಕಿ ಮಣ್ಣು ತೊಳೆಯಿರಿ.

ಆಷಾಢದ ಗಾಳಿಗೆ ಗಿಡ ವಾಲಿದೆ

ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ನೋಡಿದವರಿಗೆ ನಮ್ಮ ಭಾಗದ ಗಾಳಿಯ ಕಸುವು ಹೇಳಬೇಕಿಲ್ಲ. ವಾಲಿದ ಗಿಡವನ್ನು ಒಮ್ಮೆಲೇ ನೆಟ್ಟಗೆ ಎತ್ತಬೇಡಿ, ಬೇರು ಹರಿಯುತ್ತದೆ. ಬುಡಕ್ಕೆ ಒಂದು ಹಿಡಿ ಮಣ್ಣೇರಿಸಿ, ಮೂರು ಕೋಲು ತ್ರಿಕೋನವಾಗಿ ನೆಟ್ಟು ಎರಡು ಮೂರು ದಿನದಲ್ಲಿ ಮೇಲೆತ್ತಿ. ಟೊಮೆಟೊದ ಕಾಂಡಕ್ಕೆ ಮಣ್ಣು ತಾಗಿದಲ್ಲಿ ಹೊಸ ಬೇರು ಬರುತ್ತದೆ, ಅದು ಲಾಭವೇ.

ಗಿಡಕ್ಕಿಂತ ಮುಖ್ಯವಾದ ಮಾತು ಇಲ್ಲಿದೆ. ಕಟಕಟೆಯ ಗೋಡೆಯ ಮೇಲೆ ಕುಂಡ ಇಡಬೇಡಿ. ಕೆಳಗೆ ಮಕ್ಕಳು ಆಡುತ್ತಾರೆ, ಜನ ಓಡಾಡುತ್ತಾರೆ. ಕಟ್ಟಲೆಂದು ಗೋಡೆಯಾಚೆ ಬಗ್ಗಬೇಡಿ, ಕುಂಡವನ್ನೇ ಒಳಗೆ ಎಳೆದುಕೊಳ್ಳಿ. ಬಿದಿರಿನ ಕೋಲಿನ ಚೂಪು ತುದಿ ಬಗ್ಗಿ ನೋಡುವವರ ಕಣ್ಣಿಗೆ ಸರಿಯಾಗಿ ಬರುತ್ತದೆ. ಪ್ರತಿ ಕೋಲಿಗೂ ಹಳೆಯ ನೀರಿನ ಬಾಟಲಿಯ ಮುಚ್ಚಳವೋ ಚೆಂಡೋ ಸಿಕ್ಕಿಸಿ. ಹಸಿ ಕುಂಡಗಳ ಭಾರ ಬಹಳ. ಹಳೆಯ ಮಣ್ಣಿನ ಮಾಳಿಗೆಯಾದರೆ ಒಂದೇ ಕಡೆ ಗುಂಪಾಗಿಡದೆ ಗೋಡೆಯ ಸಾಲಿನಲ್ಲಿ ಹಂಚಿಡಿ. ಚಾವಣಿಯಲ್ಲಿ ಸೋರಿಕೆ, ಬಿರುಕು ಕಂಡರೆ ಕುಂಡ ಇಳಿಸಿ ಮೇಸ್ತ್ರಿಯನ್ನು ಕರೆಯಿರಿ.

ಎಲ್ಲಿ ನಿಲ್ಲಿಸಿ, ಯಾರನ್ನು ಕೇಳಬೇಕು

ಒಂದೇ ವಾರದಲ್ಲಿ ಎರಡು ಮೂರು ಕುಂಡಗಳಿಗೆ ಅದೇ ಲಕ್ಷಣ ಹಬ್ಬಿದರೆ, ಬೇವಿನೆಣ್ಣೆ ವಾರಕ್ಕೊಮ್ಮೆಯಂತೆ ಮೂರು ಸಲ ಹೊಡೆದರೂ ಮುಟುರು ಏರುತ್ತಲೇ ಇದ್ದರೆ, ಇಲ್ಲವೆ ಅಂಗಡಿಯವರು ಘಾಟು ಔಷಧಿ ಕೊಡಲು ಬಂದರೆ, ಅಲ್ಲಿಗೆ ನಿಲ್ಲಿಸಿ. ಔಷಧಿ ಡಬ್ಬಿಯ ಮೇಲೆ ಬಣ್ಣದ ಗುರುತು ಇರುತ್ತದೆ: ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಮನೆಯ ಮೇಲೆ, ಮಕ್ಕಳು ಓಡಾಡುವ, ಬಟ್ಟೆ ಒಣಹಾಕುವ ಜಾಗದಲ್ಲಿ, ಕೆಂಪು ಹಳದಿ ಗುರುತಿನದನ್ನು ತರಲೇಬೇಡಿ. ಹೊಲದಲ್ಲಿ ಉಳಿದದ್ದೆಂದು ನೀರಿನ ಬಾಟಲಿಯಲ್ಲಿ ಯಾರಾದರೂ ತಂದುಕೊಟ್ಟರೂ ಬೇಡ. ಬಾಟಲಿ ನೋಡಿ ಮಗು ಕುಡಿದುಬಿಟ್ಟೀತು. ಹಾಗೇನಾದರೂ ಆದರೆ ವಾಂತಿ ಮಾಡಿಸುತ್ತಾ ಕೂಡದೆ ಡಬ್ಬಿಯ ಸಮೇತ ಆಸ್ಪತ್ರೆಗೆ ಓಡಿ. ಯಾವ ಔಷಧಿ ಹೊಡೆದರೂ ಚೀಟಿಯಲ್ಲಿ ಬರೆದಷ್ಟು ದಿನ ಕಾಯದೆ ಕಾಯಿ ಕೊಯ್ಯಬಾರದು.

ಕೇಳಲು ಜಾಗಗಳಿವೆ. ಧಾರವಾಡದಲ್ಲಿ 1986ರಿಂದ ಕೃಷಿ ವಿಶ್ವವಿದ್ಯಾಲಯವೇ ಇದೆ. ಗದಗಿನವರಿಗೆ ಹುಲಕೋಟಿಯ, ಹಾವೇರಿಯವರಿಗೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರ. ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಫೋನು ಮಾಡಿದರೆ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಬಹುದು. ಹೋಗುವಾಗ ಒಂದೇ ಒಂದು ಒಣಗಿದ ಎಲೆ ಒಯ್ಯಬೇಡಿ, ಅದರಿಂದ ಯಾರೂ ಏನೂ ಹೇಳಲಾರರು. ಆಗತಾನೇ ರೋಗ ಹತ್ತಿದ ಟೊಂಗೆ, ಚೆನ್ನಾಗಿರುವ ಟೊಂಗೆ, ಎರಡನ್ನೂ ಒದ್ದೆಯಿಲ್ಲದ ಸುದ್ದಿಪತ್ರಿಕೆಯಲ್ಲಿ ಸುತ್ತಿ, ಬೇರಿನ ಅನುಮಾನವಿದ್ದರೆ ಒಂದು ಹಿಡಿ ಮಣ್ಣು ಬೇರೆ ಚೀಲದಲ್ಲಿ ಕಟ್ಟಿ, ಬೆಳಿಗ್ಗೆಯೇ ಹೊರಡಿ. ಚಿವುಟಿದ, ಕಟ್ಟಿದ, ಗೊಬ್ಬರ ಹಾಕಿದ ದಿನಗಳನ್ನು ಬರೆದ ಆ ಕ್ಯಾಲೆಂಡರಿನ ಹಾಳೆಯದೊಂದು ಫೋಟೋ ಮೊಬೈಲಿನಲ್ಲಿರಲಿ.